ಸದ್ದಿಲ್ಲದ ಕ್ಷಮಾಪಣೆ

ಕ್ಲಫ್‌ಬ್ರೂಕ್, ಲ್ಯಾಂಕಶೈರ್
ನವೆಂಬರ್ 12, 1934

ಪ್ರೀತಿಯ ತಂಗಿ ಡಾರ್ಕಸ್,

ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಅಕ್ಕನನ್ನು ಬೈದುಕೊಂಡಿರುತ್ತೀಯ. ಬೈದುಕೋ, ಪರವಾಗಿಲ್ಲ. ಈ ತಿಂಗಳು ಊರೇ ನನ್ನನ್ನು ಬೈಯುತ್ತಿದೆ, ನಿನ್ನದೊಂದು ಹೆಚ್ಚಾಗುವುದಿಲ್ಲ.

ನನ್ನ ಮೊದಲೆರಡು ಕಾದಂಬರಿ ಬಂದಾಗ ಇದೇ ಊರು ನನ್ನನ್ನು ತಲೆಯ ಮೇಲೆ ಹೊತ್ತು ಮೆರೆಸಿತ್ತು. ಅವುಗಳಲ್ಲಿ ಇದ್ದದ್ದಾದರೂ ಏನು? ಜಮೀನ್ದಾರರ ಹೆಣ್ಣುಮಕ್ಕಳು, ಗುಲಾಬಿ ತೋಟ, ಕೊನೆಗೊಂದು ಮದುವೆ. ಮಗ್ಗ ಬಿಟ್ಟು ಬಂದವಳು ಕಾದಂಬರಿ ಬರೆದಳಂತೆ ಎಂದು ಗಿರಣಿಯ ಮ್ಯಾನೇಜರ್ ಆರ್ಮಿಸ್ಟೆಡ್ ಕೂಡ ಕೈಕುಲುಕಿದ್ದ. ಮೂರನೆಯದರಲ್ಲಿ ನಾನು ನಮ್ಮ ಗಿರಣಿಯನ್ನೇ ಬರೆದೆ. ಬಟ್ಟೆಯಲ್ಲಿ ಇಲ್ಲದ ತಪ್ಪು ಹುಡುಕಿ ದಂಡ ಹಾಕುವ ಮೇಸ್ತ್ರಿ, ದಂಡ ಮಾಫಿಯಾಗಬೇಕಾದರೆ ಅವನ ಕೋಣೆಗೆ ಹೋಗಬೇಕಾದ ಹುಡುಗಿ, ಎಲ್ಲವನ್ನೂ. ಹೆಸರು ಬದಲಿಸಿದ್ದೆ. ಆದರೂ ಊರಿನ ನಾಲ್ವರು ಗಂಡಸರು ಆ ಮೇಸ್ತ್ರಿ ತಾನೇ ಎಂದು ಜಗಳಕ್ಕೆ ಬಂದರು. ನಾನು ಬರೆದದ್ದು ಒಬ್ಬನನ್ನು ಕಣೇ. ಉಳಿದ ಮೂವರ ಸುದ್ದಿ ನನಗೂ ಗೊತ್ತಿರಲಿಲ್ಲ.

ಲಂಡನ್ನಿನ ವಿಮರ್ಶಕನೊಬ್ಬ ಇನ್ನೊಂದು ತಮಾಷೆ ಬರೆದ: ನೂರಾರು ಮಗ್ಗಗಳ ಅಬ್ಬರದಲ್ಲಿ ಹೆಂಗಸರು ಹರಟುವುದು ಅಸಾಧ್ಯ, ಈ ಲೇಖಕಿ ಗಿರಣಿಯೊಳಗೆ ಕಾಲಿಟ್ಟವಳೇ ಅಲ್ಲ ಎಂದು. ನಾವು ತುಟಿಯಲ್ಲೇ ಆಡುತ್ತಿದ್ದ ಮಾತು ಆ ಮಹಾಶಯನಿಗೆ ಹೇಗೆ ತಿಳಿಯಬೇಕು? ಸದ್ದೇ ಹೊರಡಿಸದೆ, ಬಾಯಿ ಅಗಲಿಸಿ, ಹುಬ್ಬು ಕುಣಿಸಿ, ಆ ತುದಿಯವಳಿಗೂ ಈ ತುದಿಯಿಂದಲೇ ಮೇಸ್ತ್ರಿಯ ಮಾನ ಹರಾಜು ಹಾಕುತ್ತಿದ್ದೆವಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಗಿರಣಿಯವರು ನಡೆಸುವ ವಾಚನಾಲಯದಿಂದ ನನ್ನ ಪುಸ್ತಕವನ್ನು ತೆಗೆದುಹಾಕಿದರು. ಹೋಗಿ ಕೇಳಿದೆ. ಆರ್ಮಿಸ್ಟೆಡ್ ಚಹಾ ತರಿಸಿದ, ಬೆಣ್ಣೆ ಹಚ್ಚಿದ ಬನ್ನು ತರಿಸಿದ.

"ನೋಡಮ್ಮಾ ಹೆಸ್ಟರ್, ಶನಿವಾರ ಸಭೆ ಕರೀತೀನಿ. ಎಲ್ಲಾ ಕಟ್ಟುಕತೆ, ತಪ್ಪಾಯ್ತು ಅಂತ ಒಂದ್ಮಾತು ಹೇಳ್ಬಿಡು. ಪುಸ್ತಕ ವಾಪಸ್ ಕಪಾಟಿಗೆ ಬರುತ್ತೆ" ಅಂದ.

"ಕಾದಂಬರಿ ಅಂದ್ಮೇಲೆ ಕಟ್ಟುಕತೇನೇ ಅಲ್ವಾ ಸಾರ್? ಮತ್ತೆ ನೀವ್ಯಾಕೆ ಬೆವರ್ತಿದೀರಿ?" ಅಂದೆ.

ಅಮ್ಮನೂ ಅವನ ಕಡೆಗೇ ಸೇರಿದಳು. "ಹೇಳ್ಬಿಡೇ, ನಾಲಿಗೆ ಏನೂ ಸವೆಯಲ್ಲ. ನೀನು ಬಾಗ್ಲು ಹಾಕ್ಕೊಂಡು ಬರೀತಾ ಕೂತಿರ್ತೀಯ. ಈ ಜನದ ಮಧ್ಯೆ ಬಾಳ್ಬೇಕಾದೋಳು ನಾನು" ಅಂದಳು.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಮುಂದೆ ಕೋಟು ತೊಟ್ಟ ದೊಡ್ಡ ಮನುಷ್ಯರು, ಹಿಂದೆಲ್ಲ ಶಾಲು ಹೊದ್ದ ನಮ್ಮ ಹೆಂಗಸರು. ನಾನು ವೇದಿಕೆ ಹತ್ತಿ, "ನನ್ನ ಕಾದಂಬರಿಯ ಬಗ್ಗೆ ನಾನು ಹೇಳಬೇಕಾದ್ದು ಇಷ್ಟು" ಎಂದು ಗಟ್ಟಿಯಾಗಿ ಹೇಳಿ ದನಿ ನಿಲ್ಲಿಸಿದೆ. ಬಾಯಿ ಮಾತ್ರ ಆಡಿಸಿದೆ. ಒಂದೊಂದು ಅಕ್ಷರವೂ ನಿಜ ಎಂದೆ. ಪುಸ್ತಕದಲ್ಲಿ ಮುಚ್ಚಿಟ್ಟಿದ್ದ ಮೇಸ್ತ್ರಿಯ ಹೆಸರನ್ನೂ ಹೇಳಿದೆ. ಆರ್ಮಿಸ್ಟೆಡ್ ಕಿವಿಗೆ ಕೈ ಹಿಡಿದು ಮುಂದೆ ಬಾಗಿದ. "ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ" ಎಂದು ಪಕ್ಕದವನಿಗೆ ಹೇಳಿದ. ಹಿಂದಿನ ಸಾಲುಗಳಲ್ಲಿ ನಗು ಉಕ್ಕಿತು, ಆಮೇಲೆ ಮೆಲ್ಲಗೆ ನಿಂತಿತು. ಒಬ್ಬಳು ಎದ್ದು, ತುಟಿಯಲ್ಲೇ, "ನಂಗೂ ಆಗಿತ್ತು" ಎಂದಳು. ಅವಳ ಪಕ್ಕದವಳೂ ಎದ್ದಳು. ಮುಂದಿನ ಸಾಲಿನಲ್ಲಿ ಕೂತಿದ್ದ, ಮಗ್ಗದ ಮಧ್ಯೆ ಬೆಳೆದ ಮೇಸ್ತ್ರಿಗೆ ಮಾತ್ರ ಎಲ್ಲ ಅರ್ಥವಾಗಿ ಮುಖ ಸುಣ್ಣವಾಯಿತು. ಆದರೆ ನಾನೇನೆಂದೆನೆಂದು ಅವನು ಯಾರಿಗೆ ಬಿಡಿಸಿ ಹೇಳಿಯಾನು?

ಇವತ್ತು ಪುಸ್ತಕ ಕಪಾಟಿಗೆ ವಾಪಸು ಬಂತು. ನಾನು ಕ್ಷಮೆ ಕೇಳಿದೆನೆಂದು ಆರ್ಮಿಸ್ಟೆಡ್ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಾಳೆ ನಿಜ ತಿಳಿದು ಪುಸ್ತಕವನ್ನು ಮತ್ತೆ ಬೀದಿಗೆ ಎಸೆದರೆ, ಮುಂದಿನದರಲ್ಲಿ ಉಳಿದ ಮೂವರನ್ನೂ ಬರೆಯುತ್ತೇನೆ.

ನಿನ್ನ ಒಲೆ ಸದಾ ಬೆಚ್ಚಗಿರಲಿ, ಮಕ್ಕಳ ಕೆಮ್ಮು ಬೇಗ ಬಿಡಲಿ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಹೆಸ್ಟರ್ ಎಂಟ್ವಿಸಲ್

ತಾ.ಕ.: ಅಮ್ಮನೂ ಸಭೆಗೆ ಬಂದಿದ್ದಳು. ಮಗ್ಗದ ಸದ್ದಿಗೆ ಅವಳ ಕಿವಿ ಪೂರ್ತಿ ಹೋಗಿದೆಯಲ್ಲ, ಮಾತು ತಿಳಿಯುವುದು ತುಟಿ ನೋಡಿಯೇ. ವೇದಿಕೆಯಿಂದ ಅವಳಿಗೆ ತಿಳಿಯುವ ಹಾಗೆ ಮಾತಾಡಿದವಳು ನಾನೊಬ್ಬಳೇ. ಕೊನೆಯ ಮಾತನ್ನು ಅವಳ ಕಡೆಗೇ ತಿರುಗಿ ಹೇಳಿದೆ. ನಿನಗೂ ಇದುವರೆಗೆ ಹೇಳಿರಲಿಲ್ಲ. "ಆ ಕೋಣೆಗೆ ಹೋದ ಹುಡುಗಿ ನಾನೇ ಅಮ್ಮಾ" ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಳೆಂದು ಅದೇ ಮಾತನ್ನು ಮತ್ತೆ ಮತ್ತೆ ಆಡುತ್ತ ನಿಂತೆ. ಅಮ್ಮ ತೆರೆಯಲಿಲ್ಲ ಕಣೇ.