ಜಂಬಕ್ಕೆ ವಿಮೆಯಿಲ್ಲ

ಹೊಲಿಗೆ ಶೆಡ್ಡಿನ ಮೇಲ್ಮಹಡಿ,
ಜೂನ್ ೧೪, ಭಾನುವಾರ ಬೆಳಿಗ್ಗೆ, ಯಂತ್ರಗಳಿಗೆಲ್ಲ ರಜೆ

ಮುದ್ದಿನ ಸೊಸೆ ಪುಟ್ಟಿಗೆ, ನಿನ್ನ ಏಕೈಕ ಮತ್ತು ಅತ್ಯುತ್ತಮ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲಾ ಕೂಸು ಮಲಗಿದಾಗ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದೀಯೋ? ಕೂಸು ಈಗ ಮಗುಚಿಕೊಳ್ಳುತ್ತದಂತೆ, ಆದರೆ ತಿರುಗಿ ಅಂಗಾತವಾಗಲು ಬಾರದೆ ಮನೆಯವರನ್ನೆಲ್ಲ ಕೂಗಿ ಕರೆಯುತ್ತದಂತೆ. ಮುಂದೆ ನುಗ್ಗುವುದು, ಆಮೇಲೆ ಬೊಬ್ಬೆ ಹಾಕುವುದು. ನಮ್ಮ ವಂಶದ್ದೇ, ಅನುಮಾನವಿಲ್ಲ. ಅಳಿಯಂದಿರಿಗೆ ಕೂಸನ್ನು ಎತ್ತಿ ಎತ್ತಿ ಬೆನ್ನು ಹಿಡಿದಿದೆ ಅಂದೆಯಲ್ಲ, ನಿನ್ನನ್ನು ಆರು ವರ್ಷದವರೆಗೆ ಹೆಗಲ ಮೇಲೆ ಹೊತ್ತು ತಿರುಗಿದ ಈ ಮಾವನ ಬೆನ್ನು ಇವತ್ತಿಗೂ ಅಡಿಪಟ್ಟಿಯ ಹಾಗೆ ನೆಟ್ಟಗಿದೆ ಅಂತ ಅವರ ಕಿವಿಗೆ ಬೀಳುವ ಹಾಗೆ ಹೇಳು. ನಾನಿಲ್ಲಿ ಕಲ್ಲುಗುಂಡಿನ ಹಾಗಿದ್ದೇನೆ. ನಿಮ್ಮಮ್ಮನೂ ಚೆನ್ನಾಗಿದ್ದಾಳೆ, ಒಂದು ದವಡೆ ಹಲ್ಲು ಕಡಿಮೆಯಾಗಿದೆ ಅಷ್ಟೇ. ಆ ಕಥೆ ಮುಂದೆ ಬರುತ್ತದೆ.

ಫೋನಿನಲ್ಲಿ ಹೇಳಬಾರದಿತ್ತೇ ಮಾವ ಅನ್ನಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯೆ. ಪತ್ರದಲ್ಲಿ ಆ ಕಾಟವಿಲ್ಲ. ಜೊತೆಗೆ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವನ ಅಕ್ಷರ ಹೇಗೆ ಮುತ್ತು ಪೋಣಿಸಿದ ಹಾಗಿರುತ್ತದೆ ಅಂತ ಪದವಿ ಮಾಡಿದ ನೀನು ಒಮ್ಮೆ ನೋಡಲಿ ಅಂತಲೂ ಬರೆಯುತ್ತಿದ್ದೇನೆ.

ಕೂಸು ಹುಟ್ಟಿ ಐದು ತಿಂಗಳಾಯಿತು. ಅವತ್ತಿನಿಂದ ನಿನ್ನದು ಒಂದೇ ಹಾಡು, "ಅಮ್ಮನ್ನ ಕಳ್ಸು ಮಾವ." ನಿಮ್ಮಮ್ಮನದೂ ಒಂದೇ ಹಾಡು, "ನಾನು ಹೋದ್ರೆ ಬಟ್ಟೆ ಕತ್ತರಿಸೋರು ಯಾರೋ?" ಹೋಗುವ ಆಸೆ ಇಲ್ಲ ಅಂದುಕೊಳ್ಳಬೇಡ ಮತ್ತೆ. ಮೊನ್ನೆ ನೀನು ವಿಡಿಯೋದಲ್ಲಿ ಕೂಸನ್ನು ತೋರಿಸಿದಾಗ, ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಫೋನಿನ ಮೇಲಿಟ್ಟು ಅದರ ಎದೆ ಅಳೆಯಲು ಹೋದಳು! ಬೆರಳಿನಷ್ಟು ಉದ್ದ ಬಂತು. "ಇಷ್ಟೇ ಇಷ್ಟು ಕೂಸು ಕಣೋ," ಅಂತ ನನಗೇ ಹೇಳಿ, ಕಣ್ಣು ಒರೆಸಿಕೊಂಡು, ಮತ್ತೆ ಕತ್ತರಿಸುವ ಮೇಜಿನ ಹತ್ತಿರ ಹೋಗಿ ನಿಂತಳು. ಇಪ್ಪತ್ತು ವರ್ಷ ಆ ಮೇಜು ಬಿಟ್ಟು ಕದಲದವಳನ್ನು ಕದಲಿಸುವುದು ಹೇಗೆ ಅಂತ ನಾನು ತಲೆ ಕೆರೆದುಕೊಂಡು ಕೂತಿದ್ದಾಗಲೇ ವಿಮೆಯವನು ಬಂದ.

ಅವನು ಬಂದದ್ದು ಹೀಗೆ. ಶಾಲೆ ಸಮವಸ್ತ್ರದ ದೊಡ್ಡ ಆರ್ಡರು ನಮಗೆ ಬಂದಿದೆ. ನನ್ನ ಮುಖ ನೋಡಿಯೇ ಕೊಟ್ಟರು ಅಂತ ಇಟ್ಟುಕೊ. ಆದರೆ ಆರ್ಡರು ಕೊಟ್ಟ ಕಂಪನಿಯವರು, "ನಮ್ಮ ಬಟ್ಟೆ ನಿಮ್ಮ ಶೆಡ್ಡಲ್ಲಿರುತ್ತೆ, ಸುಟ್ಟರೆ ಯಾರು ದಿಕ್ಕು? ಮೊದಲು ವಿಮೆ ಮಾಡಿಸಿ" ಅಂದುಬಿಟ್ಟರು. ವಿಮೆ ಕಂಪನಿಯಿಂದ ಒಬ್ಬ ಆಫೀಸರು ಬಂದ. ತೆಳ್ಳನೆಯ ಮನುಷ್ಯ, ಮೆತ್ತನೆಯ ಮಾತು. ವೈರು ಎಲ್ಲಿ ಕಿತ್ತಿದೆ, ಚಿಂದಿ ರಾಶಿ ಸ್ವಿಚ್ಚಿಗೆ ಎಷ್ಟು ಹತ್ತಿರ ಇದೆ, ಮೇಲಿನ ನೀರಿನ ಟ್ಯಾಂಕು ಒಡೆದರೆ ಯಾವ ಬಟ್ಟೆಯ ಮೇಲೆ ಸುರಿಯುತ್ತದೆ, ಎಲ್ಲ ನೋಡಿದ. ಬೆಂಕಿಗೊಂದು ವಿಮೆ, ನೀರಿಗೊಂದು, ಕಳ್ಳನಿಗೊಂದು, ಕೆಲಸದವರ ಬೆರಳಿಗೆ ಸೂಜಿ ಇಳಿದರೆ ಇನ್ನೊಂದು. "ಯಂತ್ರ ಎಷ್ಟಿವೆ?" ಅಂದ. "ಹದಿನೆಂಟು" ಅಂದೆ, ಬಾಯಿಗೆ ಬಂದ ಹಾಗೆ. ಅವನು ಎಣಿಸಿದ, ಹನ್ನೊಂದು. "ನೋಡಿ ಸ್ವಾಮಿ, ಹದಿನೆಂಟು ಅಂದ್ರೆ ಹದಿನೆಂಟರ ಕಂತು ಕಟ್ಟಬೇಕು. ಸುಟ್ಟಾಗ ಸಿಗೋದು ಮಾತ್ರ ಇರೋ ಹನ್ನೊಂದಕ್ಕೇ." ಹುಟ್ಟಿದಾಗಿನಿಂದ ಪುಕ್ಕಟೆಯಾಗಿ ಕೊಚ್ಚಿಕೊಂಡು ಬಂದವನು ನಾನು. ಬಡಾಯಿಗೆ ಕಂತು ಕಟ್ಟಬೇಕು ಅಂತ ಅವತ್ತೇ ಮೊದಲು ಗೊತ್ತಾದದ್ದು. ತಕ್ಷಣ ಹನ್ನೊಂದಕ್ಕೆ ಇಳಿದೆ.

ಕೊನೆಗೊಂದು ಪ್ರಶ್ನೆ ಕೇಳಿದ. "ಯಾರು ಇಲ್ಲದಿದ್ದರೆ ಈ ಶೆಡ್ಡು ನಿಂತುಹೋಗುತ್ತೆ? ಅಂಥವರ ಮೇಲೂ ಒಂದು ವಿಮೆ ಇದೆ. ಅವರಿಗೆ ಏನಾದರೂ ಆದರೆ ವ್ಯಾಪಾರಕ್ಕೆ ಆಗೋ ನಷ್ಟ ತುಂಬಿಕೊಡ್ತೀವಿ." ನಾನು ಅಂಗಿ ಸರಿ ಮಾಡಿಕೊಂಡು, ಎದೆ ಉಬ್ಬಿಸಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ನಿಂತೆ. ಆ ಮಹಾನುಭಾವ ನನ್ನ ಕಡೆ ನೋಡಲೇ ಇಲ್ಲ, ಹೊಲಿಯುವವರ ಕಡೆ ತಿರುಗಿ ಅದನ್ನೇ ಕೇಳಿದ. ಅಷ್ಟೂ ತಲೆಗಳು ಸೂರ್ಯಕಾಂತಿ ಹೂವಿನ ಹಾಗೆ ನಿಮ್ಮಮ್ಮನ ಕಡೆ ತಿರುಗಿದವು! ಅವಳೋ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ, ತಲೆ ಕೂಡ ಎತ್ತಲಿಲ್ಲ. ಗುಂಡಿಗೆ ಕಾಜಾ ಹಾಕುವ ಹೆಂಗಸು ಗೊತ್ತಲ್ಲ, ಮೈಯೂ ಸಣ್ಣ, ಮಾತೂ ಚುಚ್ಚುತ್ತದೆ ಅಂತ ನಾನೇ ಗುಂಡುಸೂಜಿ ಅಂತ ಹೆಸರಿಟ್ಟವಳು. ಅವಳನ್ನು ಆಫೀಸರು, "ಮತ್ತೆ ಯಜಮಾನ್ರು ಇಲ್ಲದಿದ್ರೆ?" ಅಂತ ಕೇಳಿದ. "ಏನೂ ಆಗಲ್ಲ ಸಾರ್. ಸ್ವಲ್ಪ ಗಾಳಿ ಆಡುತ್ತೆ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಬಟ್ಟೆ ಕತ್ತರಿಸುವುದೇನು ಬ್ರಹ್ಮವಿದ್ಯೆಯೇ? ಮರುವಾರವೇ ನಿಮ್ಮಮ್ಮ ಹಲ್ಲು ಕೀಳಿಸಿಕೊಳ್ಳಲು ಹೋದಳು. ಒಳ್ಳೆಯದಾಯಿತು ಅಂತ ನಾನೇ ಮೇಜಿನ ಮುಂದೆ ನಿಂತೆ. ಚೌಕಳಿ ಅಚ್ಚಿನ ಬಟ್ಟೆ, ಅಚ್ಚು ಒಂದೇ ಮಗ್ಗುಲಿಗೆ. ಪದರದ ಮೇಲೆ ಪದರ, ಅಚ್ಚು ಮೇಲೆ ಬರುವ ಹಾಗೆ ಹಾಸಿ, ತೋಳಿನ ನಮೂನೆ ಕಾಗದ ಇಟ್ಟು, ಕರೆಂಟು ಕತ್ತರಿ ಓಡಿಸಿದೆ ನೋಡು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ಮತ್ತೆ ಹಾಸಿದೆ, ಮತ್ತೆ ಓಡಿಸಿದೆ. ಅಷ್ಟು ಚೊಕ್ಕಟವಾಗಿ ನಿಮ್ಮಮ್ಮನೂ ಕತ್ತರಿಸಿಲ್ಲ. ಮಧ್ಯಾಹ್ನ ಗುಂಡುಸೂಜಿ ಎರಡು ತೋಳು ಎತ್ತಿ ಹಿಡಿದು ಕೇಳಿದಳು, "ಯಜಮಾನ್ರೇ, ಆ ಶಾಲೆ ಮಕ್ಕಳಿಗೆಲ್ಲ ಎರಡೂ ಎಡಗೈಯೇ ಏನು?" ಎರಡನೇ ಸಲ ಕಾಗದವನ್ನು ಮಗುಚಿ ಇಡಬೇಕಿತ್ತಂತೆ. ಇಡದಿದ್ದರೆ ಬಲತೋಳು ಹುಟ್ಟುವುದೇ ಇಲ್ಲವಂತೆ. ಮೇಜಿನ ತುಂಬಾ ಎಡತೋಳು, ಪುಟ್ಟಿ, ಬೆಟ್ಟದಷ್ಟು ಎಡತೋಳು!

ಅದೇ ಹೊತ್ತಿಗೆ ಸಹಿ ಹಾಕಿಸಿಕೊಳ್ಳಲು ಆಫೀಸರು ಬರಬೇಕೇ? ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಇದಕ್ಕೇನಾದರೂ ಪರಿಹಾರ ಉಂಟೇ ಅಂತ. ಅವನು ತೋಳಿನ ರಾಶಿ ನೋಡಿದ, ನನ್ನ ಮುಖ ನೋಡಿದ. "ಬೆಂಕಿಗೆ ಕೊಡ್ತೀವಿ, ನೀರಿಗೆ ಕೊಡ್ತೀವಿ. ಜಂಬಕ್ಕೆ ವಿಮೆ ಮಾಡೋ ಕಂಪನಿ ಇನ್ನೂ ಹುಟ್ಟಿಲ್ಲ ಸ್ವಾಮಿ" ಅಂದ. ಊದಿದ ಕೆನ್ನೆ ಹಿಡಿದುಕೊಂಡು ನಿಮ್ಮಮ್ಮ ಬಂದಳು. ಬಾಯಲ್ಲಿ ಹತ್ತಿ, ಬೈಯಲೂ ಆಗುತ್ತಿಲ್ಲ. ಒಂದು ತೋಳನ್ನು ಎತ್ತಿದಳು, ಇನ್ನೊಂದನ್ನು ಎತ್ತಿದಳು, ಆಮೇಲೆ ಹತ್ತಿ ಉದುರುವ ಹಾಗೆ ನಕ್ಕಳು. ನಗುನಗುತ್ತಲೇ ಅರ್ಧ ರಾಶಿಯನ್ನು ಜೇಬು, ಕಾಲರು, ಪಟ್ಟಿ ಅಂತ ಬೇರೆ ಬೇರೆ ಮಾಡಿ ಉಳಿಸಿಬಿಟ್ಟಳು.

ಹೋಗುವಾಗ ಆ ಆಫೀಸರು ಒಂದು ಮಾತು ಹೇಳಿದ. "ನಿಮ್ಮ ಅಕ್ಕನಿಗೇನಾದ್ರೂ ಆದ್ರೆ ನಾವು ಹಣ ಕೊಡಬಹುದು. ಹಣ ಬಟ್ಟೆ ಕತ್ತರಿಸೋದಿಲ್ಲವಲ್ಲ. ಇನ್ನೊಬ್ಬರಿಗೆ ಕಲಿಸಿ, ಆಮೇಲೆ ಇವರನ್ನ ಒಂದು ತಿಂಗಳು ಆಚೆ ಕಳಿಸಿ ನೋಡಿದ್ರೆ ಒಳ್ಳೇದು." ಪುಟ್ಟಿ, ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ! ಅವನು ಹೇಳಿದ್ದು ಬರೀ ಸಲಹೆ. ನಾನು ನಿಮ್ಮಮ್ಮನಿಗೆ ತಲುಪಿಸುವಾಗ ಅದು ರೂಲಾಯಿತು. "ಒಂದು ತಿಂಗಳು ಊರಲ್ಲೇ ಇರಬಾರದಂತೆ ಕಣಕ್ಕಾ. ಇದ್ರೆ ವಿಮೆ ರದ್ದು." ನಿಮ್ಮಮ್ಮ ದೆವ್ವಕ್ಕೆ ಹೆದರುವುದಿಲ್ಲ, ಸೀಲು ಹಾಕಿದ ಕಾಗದಕ್ಕೆ ಹೆದರುತ್ತಾಳೆ. ಆದರೂ ಅನುಮಾನ ಬಂದು, ಅವನು ಮತ್ತೆ ಬಂದಾಗ "ನಿಜವೇನ್ರೀ?" ಅಂತ ಕೇಳಿದಳು. ಅಷ್ಟರಲ್ಲಿ ನಾನು ಅವನ ಬಾಯಿಗೆ ಎರಡು ಬಿಸ್ಕತ್ತು ತುರುಕಿಯಾಗಿತ್ತು. ಪಾಪ, ತಲೆ ಅಲ್ಲಾಡಿಸಿದ. ಹೌದೆಂದೋ, ನೀರು ಕೊಡಿ ಎಂದೋ, ಅವನಿಗೇ ಗೊತ್ತು.

ಕಲಿಸಲು ಆರಿಸಿದ್ದು ಗುಂಡುಸೂಜಿಯನ್ನೇ. ದಿನಾ ಯುದ್ಧ. "ಕತ್ತರಿ ಹಿಡಿದಿದ್ದೀಯೋ, ಸೌಟು ಹಿಡಿದಿದ್ದೀಯೋ?" ಅಂತ ಇವಳು. "ಸೌಟಾಗಿದ್ರೆ ನಿಮ್ಮ ತಮ್ಮನಿಗೆ ಎರಡು ಬಿಡ್ತಿದ್ದೆ ಅಕ್ಕ" ಅಂತ ಅವಳು. ಹೋದ ವಾರ ಗುಂಡುಸೂಜಿ ಒಬ್ಬಳೇ ಒಂದು ಇಡೀ ಹಾಸು ಕತ್ತರಿಸಿದಳು. ನಿಮ್ಮಮ್ಮ ಆ ತುದಿಯಿಂದ ಈ ತುದಿವರೆಗೆ ತಪ್ಪು ಹುಡುಕಿದಳು. ಸಿಗಲಿಲ್ಲ. ಆ ಸಿಟ್ಟಿಗೆ ಊಟ ಬಿಟ್ಟಳು. ಎಲ್ಲರೂ ಹೋದ ಮೇಲೆ ಮೇಜಿನ ಅಂಚಿಗೆ ಕೂತು, ಸಣ್ಣ ದನಿಯಲ್ಲಿ, "ಹಾಗಾದ್ರೆ ನಾನು ಬೇಡ್ವೇನೋ?" ಅಂದಳು.

ನಾನೂ ಅವಳ ಪಕ್ಕ ಕೂತೆ ಕಣೇ. ಮೆಲ್ಲಗೆ ಹೇಳಿದೆ, "ಅಕ್ಕಾ, ನೀನು ಬೇಕು ಅಂತ ಕಂತು ಕಟ್ಟಿ ಬರೆಸಿದ್ದೀನಿ. ನನ್ನ ಹೆಸರಿಗೆ ಕಟ್ಟಿಸಿಕೊಳ್ಳೋಕೆ ಯಾರೂ ಒಪ್ಪಲಿಲ್ಲ ನೋಡು." ಫಕ್ಕನೆ ನಕ್ಕು, ನನ್ನ ತಲೆಗೊಂದು ಮೊಟಕಿದಳು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ, "ಒಂದು ತಿಂಗಳು ಹೋಗಬೇಕು ಅಂದ್ರೆ ಎಲ್ಲಿಗೋ ಹೋಗ್ಲಿ?" ಅಂದಳು. ನಾನೂ ಏನೂ ಗೊತ್ತಿಲ್ಲದವನ ಹಾಗೆ ಸೂರು ನೋಡುತ್ತಾ ಯೋಚನೆ ಮಾಡಿದೆ. ಕಳ್ಳರು ಇಬ್ಬರೂ.

ಈಗ ಪೆಟ್ಟಿಗೆಗೆ ತುಂಬುವುದು, ಬಿಚ್ಚುವುದು ನಡೆದಿದೆ. ಕೂಸಿಗೆ ಫ್ರಾಕು ಹೊಲಿದಿದ್ದಾಳೆ. ಅಳತೆ ಗೊತ್ತಿಲ್ಲವೆಂದು ಸಣ್ಣದರಿಂದ ದೊಡ್ಡದರವರೆಗೆ ಎಲ್ಲ ಸೈಜಿನಲ್ಲೂ ಹೊಲಿದಿದ್ದಾಳೆ, ನಿನ್ನ ಕೂಸು ಮದುವೆಯವರೆಗೆ ಬಟ್ಟೆ ಕೊಳ್ಳಬೇಕಾಗಿಲ್ಲ. ರೂಲಿನ ಗುಟ್ಟು ಮಾತ್ರ ನೀನು ಬಿಟ್ಟುಕೊಡಬೇಡ. ಇಲ್ಲಿ ಏನಾಗುತ್ತಿದೆಯೋ ಅಂತ ಅವಳು ಪೇಚಾಡಿದರೆ, ಯಜಮಾನರನ್ನು ಮೇಜಿನ ಹತ್ತಿರ ಸೇರಿಸುತ್ತಿಲ್ಲವಂತೆ ಅಂತ ಹೇಳು, ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ.

ನನ್ನ ಹೆಂಡತಿ, ನಿನ್ನ ಅತ್ತೆ, ಕೂಸಿನ ಕೆನ್ನೆಗೆ ಮುತ್ತು ಕಳಿಸಿದ್ದಾಳೆ. ಗುಂಡುಸೂಜಿ ನಮಸ್ಕಾರ ತಿಳಿಸಿದ್ದಾಳೆ, ಚುಚ್ಚದೆ ಆಡಿದ ಮಾತು ಅದೊಂದೇ. ಅಳಿಯಂದಿರ ಬೆನ್ನು ಬೇಗ ನೆಟ್ಟಗಾಗಲಿ, ನಿನ್ನ ಮನೆ ನಗುನಗುತ್ತಾ ಇರಲಿ.

ಇಂತಿ,
ಹನ್ನೊಂದು ಯಂತ್ರಗಳ (ಅಳಿಯಂದಿರಿಗೆ ಹದಿನೆಂಟು ಅಂತಲೇ ಹೇಳು) ಒಡೆಯ,
ನಿನ್ನ ಮಾವ

ವಿ. ಸೂ.: ಆತುರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಈ ಪತ್ರ ಅಂಚೆಯಲ್ಲಿ ಬಂದದ್ದಲ್ಲ, ಇವತ್ತು ರಾತ್ರಿಯ ಬಸ್ಸಿಗೆ ನಿಮ್ಮಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಮೊದಲು ಪತ್ರವನ್ನು ಅವರ ಕಟ್ಟಡದ ಕಾವಲುಗಾರನ ಕೈಯಲ್ಲಿ ಮೇಲಕ್ಕೆ ಕಳಿಸು, ಪುಟ್ಟಿ ಓದಿ ಮುಗಿಸುವ ತನಕ ನೀನು ಮೆಟ್ಟಿಲು ಹತ್ತಕೂಡದು ಅಂತ ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ. ಬೇಕೆಂದೇ ಇಷ್ಟುದ್ದ ಬರೆದೆ. ಮೆಟ್ಟಿಲ ಬುಡದಲ್ಲಿ ಪೆಟ್ಟಿಗೆ ಮೇಲೆ ಕೂತು ಈಗ ನನಗೆ ಸಹಸ್ರನಾಮ ಮಾಡುತ್ತಿರುತ್ತಾಳೆ. ಇನ್ನೂ ಏನು ಓದುತ್ತಾ ನಿಂತಿದ್ದೀಯೆ? ಕೂಸನ್ನು ಎತ್ತಿಕೊಂಡು ಕೆಳಗೆ ಓಡು!