ಮಹಾರಾಜರ ಮುಂದೆ ಹೋದ ಜೀಪು

24-6-1990, ರವಿವಾರ. ಅನಂತಪುರ. ಬೆಳಗ್ಗೆ 6

ಗಾಳಿ ನೋಡಿದೆ. ಮುಂದಿನ ಎಡ ಟಾಯರಿನಲ್ಲಿ ಎರಡು ಪೌಂಡು ಕಡಿಮೆ. ಪಂಪು ಹೊಡೆದೆ. ನಾಲ್ಕೂ ಸವೆದು ನುಣ್ಣಗಾಗಿವೆ, ಆದರೆ ಬದಿ ಗಟ್ಟಿ. ಸ್ಟೆಪ್ನಿ ಒಂದೇ. ಅದಕ್ಕೂ ಎರಡು ಪ್ಯಾಚು.

ಇವತ್ತಿನ ದಾರಿ ಮಡ್ಡಿ, ಬರೀ ಕಲ್ಲು. ಕಲ್ಲಿಗೆ ಗಾಳಿ ಪೂರ್ತಿ ಬೇಕು. ನಾಳೆಯಿಂದ ಎರೆ ಭೂಮಿ. ಮಳೆ ಬಿತ್ತೋ, ಈ ನುಣ್ಣನೆ ಟಾಯರು ಏನನ್ನೂ ಹಿಡಿಯುವುದಿಲ್ಲ. ಕೊನೆಗೆ ಶೇಡಬಾಳದ ಹತ್ತಿರ ಡಾಂಬರು. ಮೂರು ನಮೂನೆ ನೆಲ, ಒಂದೇ ಜೊತೆ ಟಾಯರು. ಸರಿಯಾಗಿ ನಿದ್ದೆ ಇಲ್ಲ.

ಅವ್ವ ಜೀಪಿಗೆ ಪಾತ್ರೆ ಏರಿಸುತ್ತ ಅಂದಳು, "ಎಷ್ಟ ಸಲ ಒದಿತೀ ಆ ಗಾಲೀನ? ಅದೇನ ಉತ್ತರಾ ಕೊಡತೈತೇನ?"

ಅವಳಿಗೇನು. ಚೌಕಾ ಹೊತ್ತಿಗೆ, ಅಂದರೆ ಊಟ ನೀಡುವ ಹೊತ್ತಿಗೆ, ಮುಟ್ಟುವುದು ನನ್ನ ಮೇಲೆ ಇದೆ. ನಮ್ಮ ದಿಗಂಬರ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಶೇಡಬಾಳಕ್ಕೆ ನಡೆದು ಹೊರಟಿದ್ದಾರೆ. ನಾವು ಅಡುಗೆಯ ಸಾಮಾನು ಹೇರಿಕೊಂಡು ಮುಂದೆ ಹೋಗುವುದು, ಅವರು ಬರುವ ಹೊತ್ತಿಗೆ ಶುದ್ಧ ಅಡುಗೆ ಮಾಡಿ ನಿಲ್ಲುವುದು. ದಿನಕ್ಕೆ ಒಂದೇ ಊಟ, ನಿಂತು, ಅಂಗೈಯಲ್ಲಿ. ನೀರೂ ಆಗಲೇ. ತಪ್ಪಿತೋ, ಮರುದಿನದ ತನಕ ಹನಿ ನೀರಿಲ್ಲ. ಅವರ ವಯಸ್ಸು ಅರವತ್ತೆಂಟು.

ಆರು ವರ್ಷದ ಹಿಂದಿನ ತನಕ ಅಪ್ಪ ಅನ್ನುತ್ತಿದ್ದೆ. ದೀಕ್ಷೆ ಆದ ಮೇಲೆ ಮಹಾರಾಜರು. ಈ ಜೀಪು ಅವರದೇ. ಆಗ ಅವರ ಹೆಸರು ತಾತ್ಯಾಸಾಹೇಬರು. ಅವರು ಯಾವ ಟಾಯರು ಹಾಕಿಸುತ್ತಾರೆ ಅಂತ ಸುತ್ತಲಿನ ಊರಿನವರು ನೋಡಿ ಬಂದು ಅದನ್ನೇ ಹಾಕಿಸುತ್ತಿದ್ದರು. ಉಗುರಿನಿಂದ ರಬ್ಬರು ಒತ್ತಿ ಹೇಳುತ್ತಿದ್ದರು — ಇದು ನಡೀತೈತಿ, ಇದು ನಡ್ಯಂಗಿಲ್ಲ. ಈಗ ಜೀಪಿನ ಪಕ್ಕದಲ್ಲೇ ಹಾಯ್ದು ಹೋಗುತ್ತಾರೆ. ತಿರುಗಿ ನೋಡುವುದಿಲ್ಲ.

ಅದೇ ದಿನ, ಮಧ್ಯಾಹ್ನ

ಊಟ ಆಗಲಿಲ್ಲ.

ಎಂಟೂವರೆಗೇ ಮುಟ್ಟಿದ್ದೆವು. ಒಂದು ಪಂಕ್ಚರ್ ಇಲ್ಲ. ಅಡುಗೆ ಆಯಿತು, ಕಾಲು ತೊಳೆದು ಮಡಿಯಲ್ಲಿ ಸಾಲಾಗಿ ನಿಂತೆವು. ಮಹಾರಾಜರು ಬಂದರು. ಅವ್ವ ಕಲಶ ಹಿಡಿದು ನಮೋಸ್ತು ಅಂದಳು. ಅವರು ನಿಲ್ಲಲಿಲ್ಲ. ಹೊರಳಿ ಬಂದರು. ಅವ್ವ ಕಲಶದ ಮೇಲೆ ತೆಂಗಿನಕಾಯಿ ಇಟ್ಟಳು. ನಾನು ಬಾಳೆಹಣ್ಣು ಹಿಡಿದೆ. ಮತ್ತೆ ನಿಲ್ಲಲಿಲ್ಲ. ಮೂರನೆಯ ಸಲ ಹಾಗೇ ಹೋಗಿಬಿಟ್ಟರು.

ಮನಸ್ಸಿನಲ್ಲಿ ವಿಧಿ ಹಿಡಿದು ಹೊರಡುತ್ತಾರೆ — ಇಂಥದ್ದು ಕಣ್ಣಿಗೆ ಬಿದ್ದರೆ ಮಾತ್ರ ಊಟ ಅಂತ. ಏನು ಅಂತ ಯಾರಿಗೂ ಹೇಳುವುದಿಲ್ಲ. ಕಮಂಡಲು ಹಿಡಿದು ಜೊತೆಗೆ ನಡೆಯುವ ನೇಮಿನಾಥಣ್ಣನಿಗೂ ಗೊತ್ತಿಲ್ಲ.

"ವಿಧಿ ಕೂಡಲಿಲ್ಲ ಧನಪಾಲ. ನಾಳೆ ಕೂಡೀತು," ಅಂದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ. ಇನ್ನೂ ಬೇಗ ಮುಟ್ಟಿದ್ದರೆ ಇನ್ನೊಂದು ನಮೂನೆ ಹಿಡಿದು ನಿಲ್ಲಬಹುದಿತ್ತೇನೋ.

25-6, ಸೋಮವಾರ. ಮಾಳದ ಶಾಲೆ. 12.30

ಬೆಳಗಿನ ಜಾವ ಮಳೆ. ಎರೆ ಶುರುವಾಗಿ ಒಂದು ಮೈಲೂ ಇಲ್ಲ, ಹಿಂದಿನ ಗಾಲಿ ಕೂತವು. ತಿರುಗುತ್ತವೆ, ಸರಿಯುವುದಿಲ್ಲ. ನುಣ್ಣನೆ ಟಾಯರಿಗೆ ಮಣ್ಣು ಹತ್ತಿ ಗಾಲಿ ಮಡ್‌ಗಾರ್ಡಿಗೇ ಸಿಕ್ಕಿಬಿತ್ತು. ಗಾಳಿ ಇಳಿಸಿದೆ. ಕೆಳಗೆ ಕಲ್ಲು ಹಾಕಿದೆ, ಹತ್ತಿಕಟ್ಟಿಗೆ ಹಾಕಿದೆ. ಎಲ್ಲವನ್ನೂ ನುಂಗಿತು.

ಮಹಾರಾಜರು ನಮ್ಮನ್ನು ದಾಟಿ ಹೋದರು. ಎತ್ತಿನ ಗಾಡಿ ಹಾಯ್ದು ಗಟ್ಟಿಯಾದ ಪಟ್ಟಿಯ ಮೇಲೆ, ನಾಲ್ಕು ಮೊಳ ಮುಂದೆ ನೆಲ ನೋಡುತ್ತ, ನಿಧಾನ. ನಾನು ಗಾಲಿಯ ಕೆಳಗೆ ಮೊಣಕೈ ತನಕ ಕೆಸರಿನಲ್ಲಿದ್ದೆ. ಎದ್ದು ಕೈಮುಗಿಯಲೂ ಆಗಲಿಲ್ಲ. ಅಪ್ಪ ಆಗಿದ್ದರೆ ಮೊದಲು ಬೈಯುತ್ತಿದ್ದರು, ಆಮೇಲೆ ಇಳಿದು ದೂಡುತ್ತಿದ್ದರು.

ಎತ್ತು ತಂದು ಎಳೆಸಿ ಶಾಲೆಗೆ ಮುಟ್ಟುವಷ್ಟರಲ್ಲಿ ಹನ್ನೆರಡು. ಊಟದ ಹೊತ್ತು ಮುಗಿದು, ಅವರು ಆಗಲೇ ಸಾಮಾಯಿಕದ ಧ್ಯಾನಕ್ಕೆ ಕೂತಿದ್ದರು. ಎರಡನೆಯ ದಿನ. ಇದು ವಿಧಿ ಅಲ್ಲ, ಇದು ನಾನು.

ಅವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ 5. ಅಥಣಿ

ಶಾಲೆಯ ಆಚೆಯಿಂದ ಇಲ್ಲಿಗೆ ಕಲ್ಲುದಾರಿ, ಜೀಪು ತಂದೆ. ಜಕ್ಕಪ್ಪನ ಟಾಯರ್ ಅಂಗಡಿ. ಎರಡು ಆರಿಸಿದೆ, ಹಿಂದಿನ ಗಾಲಿಗೆ. ದೊಡ್ಡ ದೊಡ್ಡ ಕಚ್ಚು, ಬೆರಳು ಪೂರ್ತಿ ಇಳಿಯುತ್ತದೆ. ಅಪ್ಪನ ಹಾಗೆ ಉಗುರಿನಿಂದ ಒತ್ತಿ ನೋಡಿದೆ. ರಬ್ಬರು ಬಿಗಿ.

ಜಕ್ಕಪ್ಪ ಅಂದ, "ಎರಿಗೆ ಇದರಂಥಾದ್ದು ಇನ್ನೊಂದಿಲ್ಲರಿ. ಆದ್ರ ಹಸಿ ನೆಲಾ ಉಳಕೋತ ಹೋಗತೈತಿ, ಟ್ರ್ಯಾಕ್ಟರಿನಗತೆ. ನಿಮ್ಮ ಹಿಂದ ಬರಾವ್ರಿಗೆ ತ್ರಾಸ."

"ನನ್ನ ಹಿಂದ ಯಾವ ಗಾಡೀನೂ ಬರಂಗಿಲ್ಲ," ಅಂದೆ.

"ಹಂಗಾದ್ರ ಹಾಕ್ರಿ."

ಹಾಕಿಸಿದೆ. ಬಹಳ ದಿನದ ಮೇಲೆ ಎದೆ ಹಗುರ. ನಾಳೆ ಏಳಕ್ಕೆ ಹೊರಟರೆ ಎಂಟರೊಳಗೆ ಅಡುಗೆಯ ಜಾಗ, ಮುರಗೆಪ್ಪನ ತೋಟ.

26-6, ಮಂಗಳವಾರ. ಮುರಗೆಪ್ಪನ ತೋಟ. ಬೆಳಗ್ಗೆ 8.10

ಮುಟ್ಟಿದೆವು! ಶಾಲೆಯಿಂದ ಇಲ್ಲಿಗೆ ಒಂದೂವರೆ ಮೈಲು ಗಾಡಿದಾರಿ, ಮೇಲೆ ರಾತ್ರಿಯ ಮಳೆ. ಸೆಕೆಂಡ್ ಗೇರಿನಲ್ಲಿ ಹೊಡೆದೆ, ಒಂದು ಕಡೆಯೂ ನಿಲ್ಲಲಿಲ್ಲ. ಹಿಂದಿನಿಂದ ಮಣ್ಣು ಸೀಟಿನ ತನಕ ಸಿಡಿಯಿತು. ಹಳ್ಳದ ಹತ್ತಿರ ಎರಡು ಸಲ ಹಿಂದೆ ಮುಂದೆ ಮಾಡಬೇಕಾಯಿತು, ಅಷ್ಟೆ. ಟಾಯರು ಅಂದರೆ ಇದು.

ಶಾಲೆಯ ಹತ್ತಿರ ಇರುವುದು ಬೋರ್ ಒಂದೇ. ಅದರ ನೀರು ಮಹಾರಾಜರಿಗೆ ನಡೆಯುವುದಿಲ್ಲ, ತೆರೆದ ಬಾವಿಯದೇ ಆಗಬೇಕು. ಮುರಗೆಪ್ಪನ ಬಾವಿ ಸಿಹಿನೀರಿನದು. ಅವ್ವ ಸೇದಿ, ಬಟ್ಟೆಯಲ್ಲಿ ಸೋಸಿ, ಕಾಯಿಸಲು ಇಟ್ಟಿದ್ದಾಳೆ. ಮುರಗೆಪ್ಪ ಲಿಂಗಾಯತ. ಆದರೂ ಅಂಗಳ ಸಾರಿಸಿ, ಮಡಿ ಉಟ್ಟು ದೂರ ನಿಂತಿದ್ದಾನೆ.

ಇವತ್ತು ಆಗುತ್ತದೆ.

ಮಧ್ಯಾಹ್ನ 1

ಬರಲಿಲ್ಲ. ಒಂಬತ್ತು, ಹತ್ತು, ಹತ್ತೂವರೆ. ನಾನು ಚಪ್ಪಲಿ ಹಾಕಿಕೊಂಡು ಹುಲ್ಲು ಬೆಳೆದ ಬದುವಿನ ಮೇಲಿಂದ ಓಡಿದೆ.

ಹಳ್ಳದ ಈಚೆ ನಿಂತಿದ್ದರು. ಕೈಯಲ್ಲಿ ನವಿಲುಗರಿಯ ಪಿಂಛಿ. ಮುಂದೆ ದಾರಿಯೇ ಇಲ್ಲ. ನಿನ್ನೆಯ ತನಕ ಗಾಡಿ ಹಾಯ್ದು ಗಟ್ಟಿಯಾಗಿದ್ದ ನೆಲವನ್ನು ನನ್ನ ಟಾಯರು ಅಗೆದು ಮೇಲೆ ಕೆಳಗೆ ಮಾಡಿದೆ. ಕಚ್ಚಿನ ಒಂದೊಂದು ಗುಳಿಯಲ್ಲೂ ನೀರು. ಹೊರಳಿದ ಮಣ್ಣಿನ ಮೇಲೆಲ್ಲ ಎರೆಹುಳ. ಮಳೆಗೆ ಏಳುವ ಕೆಂಪು ಮಿರಗದ ಹುಳ. ಕೆಲವು ತುಂಡಾಗಿದ್ದವು. ಎರಡೂ ಬದಿ ಮೊಳಕೆ ಒಡೆದ ಹೊಲ, ಮುನಿಗಳು ಹುಳ, ಹಸಿರು ತುಳಿಯುವಂತಿಲ್ಲ. ಕಾಲಿಡಲು ಒಂದು ಗೇಣು ಜಾಗ ಇಲ್ಲ.

ನೇಮಿನಾಥಣ್ಣ ಮೆಲ್ಲಗೆ ಅಂದ, "ಒಂದ ತಾಸಾತು, ಇಲ್ಲೇ ನಿಂತಾರ. ಹಿಂದ ಹೋಗೂಣ್ರಿ ಅಂದೆ. ನೋಡೂಣ ಅಂದ್ರು. ಧನಪಾಲ, ಏನ ಹಾಕಿಯೋ ಆ ಜೀಪಿಗೆ?"

ಮಹಾರಾಜರು ಒಂದು ಹುಳ ಬದಿಗೆ ಸರಿಯುವುದನ್ನೇ ನೋಡುತ್ತಿದ್ದರು. ತುಟಿ ಬಿರಿದಿದೆ. ಆಮೇಲೆ ತಿರುಗಿ ಶಾಲೆಯ ಕಡೆ ನಡೆದರು. ಒಂದು ಸಲ ಕಾಲು ತಡವರಿಸಿತು. ಹಿಡಿಯಲು ಹೋದೆ. ನೇಮಿನಾಥಣ್ಣ ಕೈ ಅಡ್ಡ ಹಿಡಿದ.

ಮೂರು ದಿನ. ನೀರೂ ಇಲ್ಲದೆ ಮೂರು ದಿನ. ನನ್ನ ಕೈಯಾರೆ ಮಾಡಿದೆ. ಟಾಯರು ಕಿತ್ತು ಬಾವಿಗೆ ಒಗೆಯಬೇಕು ಅನ್ನಿಸಿತು. ಬಾವಿ ಬೇಕಲ್ಲ.

ಸಂಜೆ 4

ಜಾಕ್ ಹಾಕಿ ಟಾಯರು ಬಿಚ್ಚತೊಡಗಿದೆ. ನುಣ್ಣನೆಯವೇ ಹಾಕಿ, ಗಾಳಿ ಅರ್ಧ ಇಳಿಸಿ, ದಾರಿಯ ಮೇಲೆ ನಾಲ್ಕು ಸಲ ಓಡಾಡಿಸಿದರೆ ಒತ್ತಿ ಸಪಾಟಾಗುತ್ತದೆ. ಬಿಸಿಲು ಬಿದ್ದರೆ ಬೆಳಗಿನೊಳಗೆ ಗಟ್ಟಿ. ಅವ್ವನಿಗೆ ಹೇಳಿದೆ.

ಅವ್ವ ನನ್ನ ಕೈಯ ಸ್ಪ್ಯಾನರು ನೋಡಿದಳು.

"ಉಳದ ಹುಳಾನೂ ಅರದು ಅವರಿಗೆ ದಾರಿ ಮಾಡ್ತಿಯೇನು?"

"ಮತ್ತೇನ ಮಾಡ್ಲೆವ್ವಾ? ನೀನ ಹೇಳು."

"ಅವರ ಅಲ್ಲೆ ಅದಾರ. ನೀರ ಇಲ್ಲೆ ಐತಿ. ನಿನಗ ಕಾಲ ಇಲ್ಲೇನು?"

ಸ್ಪ್ಯಾನರು ಕೆಳಗಿಟ್ಟೆ. ಒಂದು ಗಾಲಿ ಬಿಚ್ಚಿದ್ದು ಹಾಗೇ ಇದೆ.

27-6, ಬುಧವಾರ. ಶಾಲೆ. ಮಧ್ಯಾಹ್ನ

ಸೂರ್ಯ ಹುಟ್ಟಿದ ಮೇಲೆ ಹೊರಟೆವು. ನಾನು ಸ್ನಾನ ಮಾಡಿ ಒದ್ದೆ ಧೋತ್ರ, ಹೆಗಲ ಮೇಲೆ ಬಾವಿಯ ನೀರಿನ ಕೊಡ. ಅವ್ವನ ತಲೆಯ ಮೇಲೆ ಹಿಟ್ಟು, ಬೇಳೆ, ಪಾತ್ರೆ. ಮುರಗೆಪ್ಪ ಒಣ ಕಟ್ಟಿಗೆ ಹೊತ್ತ. ಚಪ್ಪಲಿ ಹಾಕುವಂತಿಲ್ಲ. ಹಳ್ಳದ ಹತ್ತಿರ ಒಂದೊಂದು ಹೆಜ್ಜೆಯೂ ನೋಡಿ ನೋಡಿ ಇಟ್ಟೆ. ಈ ನೆಲವನ್ನು ನಾನು ಮೊದಲು ನೋಡಿಯೇ ಇರಲಿಲ್ಲ. ಜೀಪಿನ ಗಾಜಿನ ಹಿಂದಿನಿಂದ ಕಂಡದ್ದು ಬರೀ ಕೆಸರು.

ಶಾಲೆಯ ಪಡಸಾಲೆಯಲ್ಲಿ ಒಲೆ ಹೂಡಿದಳು. ನೀರು ಸಾಲುವುದಿಲ್ಲ ಅಂದಳು. ಮತ್ತೆ ಹೋದೆ. ಮುರಗೆಪ್ಪನ ಹೆಂಡತಿ ಲಕ್ಕವ್ವ ಹಗ್ಗ ತೊಳೆದು ಇಟ್ಟಿದ್ದಳು. ನಾನೇ ಸೇದಿದೆ, ಸೋಸಿದೆ, ಹೊತ್ತೆ. ತಿರುಗಿ ಬರುವಾಗ ಮೊಣಕಾಲ ತನಕ ಎರೆ ಮೆತ್ತಿತ್ತು. ಭುಜ ಸುಲಿದಿತ್ತು.

ಶಾಲೆಯ ಅಂಗಳಕ್ಕೆ ಬಂದೆ. ಅವ್ವ ಒಳಗಿನಿಂದಲೇ ಗದರಿದಳು, "ಲೇ, ಆ ಕಾಲ್ಲೆ ಒಳಗ ಬರಬ್ಯಾಡ. ತೊಳಕೋ ಮೊದಲ."

ತೊಳೆಯಲು ಹೊತ್ತಿರಲಿಲ್ಲ. ಆಚೆ ಕೋಣೆಯಿಂದ ಮಹಾರಾಜರು ಹೊರಬಿದ್ದಿದ್ದರು, ಊಟಕ್ಕೆ ಹೊರಟ ಗುರುತಾಗಿ ಬಲಗೈ ಹೆಗಲ ಮೇಲೆ. ನಾನು ಕೊಡ ಇಳಿಸದೆ ಗೋಡೆಗೆ ಸರಿದು ನಿಂತೆ. ಅಪವಿತ್ರ ಮಾಡಿಬಿಟ್ಟೆನೇನೋ ಅಂತ ಹೆದರಿಕೆ. ಇವತ್ತೂ ಹೋಯಿತು, ಇವತ್ತೂ ನನ್ನಿಂದಲೇ ಹೋಯಿತು ಅಂತಲೇ ತಲೆಯಲ್ಲಿ.

ಅವರು ನನ್ನ ಮುಂದೆ ನಿಂತರು. ನೆಲ ನೋಡುವ ಕಣ್ಣು ನನ್ನ ಪಾದದ ಮೇಲೆ ಬಿತ್ತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತಿರುಗಿ ಅವ್ವನ ಕಲಶದ ಎದುರು ಹೋಗಿ ನಿಂತರು.

ಅವ್ವನ ಬಾಯಿಂದ ನಮೋಸ್ತು ಹೊರಡಲಿಲ್ಲ. ಮುರಗೆಪ್ಪನೇ ಅಂದ.

ಮೊದಲು ನೀರು. ಅಂಗೈಯಿಂದ ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಕೆಸರುಗಾಲು, ಅದಕ್ಕೆ ನಾನು ಒಳಗೆ ಹೋಗಿ ಬಡಿಸಲಿಲ್ಲ. ಕಿಟಕಿಯಿಂದ ನೋಡಿದೆ. ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ಅತ್ತೆ. ಮೂವತ್ನಾಲ್ಕು ವರ್ಷದವನು, ಶಾಲೆಯ ಗೋಡೆಗೆ ಮುಖ ಒತ್ತಿ ಅತ್ತೆ.

30-6, ಶನಿವಾರ. ಶೇಡಬಾಳ. ಬೆಳಗ್ಗೆ 7

ಎರಡು ದಿನ ಬರೆಯಲಿಲ್ಲ. ಅಂಗಾಲಲ್ಲಿ ಬೊಬ್ಬೆ, ಭುಜ ಎತ್ತಲು ಬರುವುದಿಲ್ಲ. ಜೀಪು ಇನ್ನೂ ಮುರಗೆಪ್ಪನ ತೋಟದಲ್ಲೇ, ಮೂರು ಗಾಲಿಯ ಮೇಲೆ.

ನಿನ್ನೆ ಊರು ಮುಟ್ಟಿದ ಮೇಲೆ ನೇಮಿನಾಥಣ್ಣನನ್ನು ಕೇಳಿದೆ, ಆ ದಿನದ ವಿಧಿ ಏನಿತ್ತು ಅಂತ. ಕೂಡಿದ ಮೇಲೆ ಮಹಾರಾಜರು ಅವನಿಗೆ ಹೇಳಿದ್ದರಂತೆ.

"ಮಣ್ಣಗಾಲಿನವ ನೀರಿನ ಕೊಡಾ ಹೊತ್ತು ಎದುರಿಗೆ ನಿಂತಿರಬೇಕು. ಇಷ್ಟ."

"ಆ ದಿನಾ ಹಿಡದದ್ದೇನು?"

"ಇಲ್ಲ. ಅನಂತಪುರದಾಗ ಹಿಡದದ್ದು. ಕೂಡೂ ತನಕ ಬಿಡಲಿಲ್ಲ."

ಅನಂತಪುರದಲ್ಲಿ. ನಾನು ಗಾಲಿ ಒದ್ದು ನೋಡುತ್ತಿದ್ದ ಬೆಳಗ್ಗೆ. ಅಂದರೆ ಜೀಪು ಎಲ್ಲೂ ಹೂತುಹೋಗದೆ, ಏನೂ ಅಗೆಯದೆ, ಮೂರೂ ದಿನ ಎಂಟಕ್ಕೇ ಮುಟ್ಟಿದ್ದರೂ… ಕಾಲು ತೊಳೆದು ಸಾಲಾಗಿ ನಿಂತ ನಮ್ಮನ್ನು ದಾಟಿ ಹೋಗುತ್ತಿದ್ದರು.

ನನಗೆ ಅಂತಲೇ ಹಿಡಿದದ್ದೋ? ಮುನಿಗಳಿಗೆ ಮಗ ಇರುವುದಿಲ್ಲ. ಕೇಳುವಂತಿಲ್ಲ. ಕೇಳುವುದೂ ಇಲ್ಲ.

ಅವ್ವ ಕೂಗುತ್ತಿದ್ದಾಳೆ, ಬಾವಿಯ ಹಗ್ಗ ತೆಗೆದಿಟ್ಟಿದ್ದಾಳಂತೆ. ಚಪ್ಪಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ. ಹುಡುಕಿ, ಹಾಕಿಕೊಂಡು — ಬೇಡ, ಬರಿಗಾಲಲ್ಲೇ ಹೋಗುತ್ತೇನೆ.