ಮಾಡದಾಗಿನ ಎಂಟು ಚೀಟಿ

ಲಕ್ಷ್ಮೇಶ್ವರ
೬ ಡಿಸೆಂಬರ್ ೨೦೨೪, ಶುಕ್ರವಾರ

ಪ್ರೀತಿಯ ತಮ್ಮ ಹೊನ್ನ್ಯಾ,

ಹೆಂಗದೀಪಾ? ಹೊಟ್ಟಿನೋವು ಹೊಳ್ಳಿ ಬಂದಿಲ್ಲಲ್ಲ? ಪುಣೇದಾಗ ಥಂಡಿ ಭಾಳ ಅಂತಾರ, ಕಿವಿ ಮುಚ್ಚಿಕೊಂಡು ಅಡ್ಡಾಡು. ನಾ ಆರಾಮ ಅದೀನಿ, ಹೊಲಿಗಿ ಅಂಗಡಿ ನಡದೈತಿ. ಅಪ್ಪನೂ ಉಣ್ತಾನ, ಹೊಲಕ್ಕ ಹೋಗ್ತಾನ, ಮಾತಷ್ಟ ಇಲ್ಲ. ಹನ್ನೊಂದು ತಿಂಗಳಾತು, ನೀ ಫೋನ್ ಎತ್ತವಲ್ಲಿ. ಅಪ್ಪನ ಮ್ಯಾಲಿನ ಸಿಟ್ಟಿಗೆ ಅಕ್ಕನ ಫೋನೂ ಎತ್ತಬಾರದಂತ ಯಾವ ಶಾಸ್ತ್ರದಾಗೈತಿ? ಅದಕ್ಕ ಕಾಗದ ಬರ್ಯಾಕತ್ತೀನಿ, ಇದನ್ನರ ಒಡದು ಓದು.

ಹೊನ್ನ್ಯಾ, ಮನ್ಯಾಗ ಅವ್ವ ಅಡ್ಡಾಡಾಕತ್ತಾಳ ಅಂತ ನಾ ಖರೇನ ನಂಬಿದ್ದೆ. ನಗಬ್ಯಾಡ. ಅವ್ವ ಹಾಸಿಗಿ ಹಿಡದಾಗ ನೀ ಹಳೇ ಲಗ್ನಪತ್ರಿಕಿ ಕತ್ತರಿಸಿ ಚೀಟಿ ಮಾಡಿ, ಒಂದರಿಂದ ಎಂಟು ಅಂಕಿ ಬರದು, ಅದಲುಬದಲು ಮಾಡಿ, ಸಾಲಾಗಿ ಇಟ್ಟು ಹೋಗಿದ್ದಿ, ನೆನಪೈತೇನ? ಇಲಿಗೂ ಮನಷ್ಯಾಗೂ ಜೀನು ಬಹುತೇಕ ಅವ ಅವ, ಸಾಲಿನಾಗ ಅಲ್ಲಲ್ಲೆ ಒಂದು ತುಂಡು ತಿರುವುಮುರುವು ಆಗಿರ್ತೈತಿ, ಅಂಥ ತುಂಡು ಹಿಂದುಮುಂದು ಮಾಡಿ ಎಷ್ಟು ಸಲ ಹೊಳ್ಳಿಸಿದ್ರ ಎರಡೂ ಸಾಲು ಒಂದ ಆಗ್ತಾವ ಅನ್ನೂದು ನಿನ್ನ ಅಭ್ಯಾಸ ಅಂದಿದ್ದಿ. ಸಾವಿರ ಜೀನು ಇದ್ರ ಖರೆ ಉತ್ತರ ಯಾವ ಕಂಪ್ಯೂಟರ್ ಮಿಷನ್ನಿಗೂ ಜಲ್ದಿ ಸಿಗೂದಿಲ್ಲ, ಅದಕ್ಕ ಅಂದಾಜು, ಆದ್ರ ಎರಡು ಪಟ್ಟಿಗಿಂತ ಹೆಚ್ಚು ತಪ್ಪೂದಿಲ್ಲಂತ ಜಾಮೀನು. 'ಈ ಎಂಟು ಚೀಟೀನ ನನ್ನ ಮಿಷನ್ನು ಆರು ಸಲಕ್ಕ ಸಾಲು ಹಚ್ಚಿತವ್ವಾ. ಮೂರಕ್ಕಿಂತ ಕಡಿಮಿ ಯಾರ ಕೈಲೂ ಆಗೂದಿಲ್ಲ. ನಡುವ ಎಷ್ಟಂತ ನೀ ಹೇಳು' ಅಂದಿ. ಅವ್ವ ನಕ್ಕು, 'ಅಂದ್ರ ಎಷ್ಟು ದೂರ ಹೋಗಿದ್ರೂ ಹೊಳ್ಳಿ ಬರಬಹುದನ್ನು' ಅಂದಿದ್ಲು. ಒಂದ ಸಲ ಹೊಳ್ಳಿಸಿದ್ಲು. ಅಷ್ಟಕ್ಕ ಮುಗೀತು.

ಆ ಚೀಟೀನ ಹಂಗ ಎತ್ತಿ ಅವ್ವನ ಫೋಟೋ ಇಟ್ಟ ಗ್ವಾಡಿ ಮಾಡದಾಗ ಇಟ್ಟಿದ್ದೆ. ದೀಪಾವಳಿ ಆದ ಮ್ಯಾಲ ಶುರು ಆತು ನೋಡು. ಕೀಲಿ ಹಾಕಿ ಅಂಗಡಿಗೆ ಹೋಗ್ತೀನಿ, ಬಂದು ನೋಡಿದ್ರ ಸಾಲು ಬ್ಯಾರೆ. ಒಮ್ಮೊಮ್ಮೆ ಮತ್ತ ಮೊದಲಿನಂಗ. ಚೀಟಿ ಮೂಸಿದ್ರ ಅವ್ವ ಮೂಗಿಗೆ ಏರಿಸ್ತಿದ್ದ ತಪಕೀರಿನ ವಾಸನಿ! ಅಪ್ಪ ಆ ಮಾಡದ ಕಡೆ ಕಣ್ಣೆತ್ತಿಯೂ ನೋಡಾಂವಲ್ಲ. ಬಾಜೂಮನಿ ದುರಗವ್ವ, 'ಮಗನ್ನ ನೋಡಲಾರದ ಹೋದಾಕಿ ಜೀವ, ಇನ್ನೂ ದಾರಿ ಕಾಯತೈತಿ' ಅಂದ್ಲು. ಅವತ್ತಿಂದ ಅಡಿಗಿಮನಿಗೆ ಒಬ್ಬಾಕೀನ ಹೋಗಾಕ ಅಂಜತಿದ್ದೆ, ಅವ್ವನ್ನ ಕಾಣಾಕ ಆಸೆನೂ ಆಗ್ತಿತ್ತು.

ಮೊನ್ನೆ ಸೋಮವಾರ ಅಂಗಡ್ಯಾಗ ಕರೆಂಟ್ ಹೋತು, ಮಧ್ಯಾಹ್ನಕ್ಕ ಮನಿಗೆ ಬಂದೆ. ಬಾಗಿಲಾ ತೆರದಿತ್ತು. ಹೊಲಕ್ಕ ಹೋದ ಅಪ್ಪ ಮಾಡದ ಮುಂದ ನಿಂತಿದ್ದ. ಅವ್ವನ ಚಾಳೀಸು ಕಣ್ಣಿಗೆ ಹಾಕ್ಕೊಂಡು, ಅವ್ವನ ಡಬ್ಬಿಯಿಂದ ಚಿಟಿಗಿ ತಪಕೀರು ಏರಿಸಿ, 'ತಿಪ್ಪವ್ವಾ, ಹಿಂಗ ಹೊಳ್ಳಿಸ್ಲೇನ? ಸುಮ್ಮನ ನಿಂತ್ರ ಹೆಂಗ, ಹೇಳು' ಅಂತ ಫೋಟೋಕ್ಕ ಕೇಳಾಕತ್ತಿದ್ದ. ನಾ ಸಪ್ಪಳಿಲ್ಲದ ಹೊರಗ ಬಂದು ಕಟ್ಟಿ ಮ್ಯಾಲ ಕುಂತು ಅತ್ತೆ.

ನಿನ್ನ ಮ್ಯಾಲ ನನಗೂ ಸಿಟ್ಟೈತಿ, ಸುಳ್ಳ ಯಾಕ ಹೇಳ್ಲಿ. ಡಾಕ್ಟರು ಹದಿನೈದು ದಿನ ಅಂದ್ರು. 'ಎರಡು ಪಟ್ಟು ತಪ್ಪಿದ್ರೂ ಏಳು ದಿನ ಇರ್ತಾಳ, ಆರನೇ ದಿನಕ್ಕ ಬರ್ತೀನಿ' ಅಂತ ನೀ ಲೆಕ್ಕ ಹಾಕಿದಿ. ಅವ್ವ ಐದಕ್ಕ ಹೋದ್ಲು. ಮಣ್ಣು ಮಾಡಿದ ಮ್ಯಾಲ ಬಂದಿ. 'ನಿನ್ನ ಅಂದಾಜು ತಗೊಂಡು ಹೋಗಲೇ' ಅಂತ ಅಪ್ಪ ಎಲ್ಲಾರ ಮುಂದ ಅಂದ, ನೀ ಖರೇನ ಹೋಗಿಬಿಟ್ಟಿ. ತಿರುಗಿ ನೋಡಿದ್ರ ಕಾಣ್ತಿತ್ತು, ಅಪ್ಪ ಊರ ಅಗಸಿ ಬಾಗಿಲತನಕ ನಿನ್ನ ಹಿಂದ ಬಂದಿದ್ದ.

ಇದ ಇಪ್ಪತ್ತೆಂಟಕ್ಕ ಅವ್ವನ ವರ್ಷದ ಕಾರ್ಯ. ಈ ಸಲ ಅಂದಾಜು ಹಾಕಬ್ಯಾಡ, ಎರಡು ದಿನ ಮೊದಲ ಬಾ. ದುರಗವ್ವ ನಿನ್ನ ಕೇಳ್ಯಾಳ. ಉಪವಾಸ ಇರಬ್ಯಾಡ, ಅವ್ವನ ಆಶೀರ್ವಾದ ನಿನ್ನ ತಲಿ ಮ್ಯಾಲಿರ್ಲಿ.

ನಿನ್ನ ಬಯ್ಯೂ ಅಕ್ಕ,
ಮಂಜುಳಾ

ತಾ.ಕ.: ಕಾಗದ ಮಡಚೂಮುಂದ ಮಾಡದ ಕಡೆ ನೋಡಿದೆ. ಸಾಲು ೧ ೨ ೬ ೫ ೪ ೩ ೭ ೮ ಆಗೈತಿ. ಹೊಳ್ಳಿಸಿದ್ದು ಅವ್ವಂದು ಒಂದು ಸಲ, ಅಪ್ಪಂದು ಎರಡು. ನಡುವಿನ ನಾಕು ಚೀಟಿ ಇನ್ನೊಮ್ಮೆ ಹೊಳ್ಳಿಸಿದ್ರ ನಾಕ ಸಲಕ್ಕ ಮುಗೀತು, ನಿನ್ನ ಮಿಷನ್ನಿನಂಗ ಆರಲ್ಲ. ನಾನ ಹೊಳ್ಳಿಸಬೇಕಂತ ಕೈ ಚಾಚಿದೆ. ಅಪ್ಪ ಹಿಂದಿಂದ ಬಂದು ನನ್ನ ಮುಂಗೈ ಹಿಡದ. 'ಮುಟ್ಟಬ್ಯಾಡ, ಕಡೀ ಸಲ ಅಂವಂದು' ಅಂದ.